ಕಾರ್ಡ್ ಮನೆಯಲ್ಲಿ, ಪೊಲೀಸರು ದಾರಿಯಲ್ಲಿ: ಜಪಾನ್‌ನಲ್ಲಿರುವವರಿಗೆ ತಪಾಸಣೆ ಮತ್ತು ವೀಸಾ ನಿಯಮ

ಪ್ರಶ್ನೆ: ನಮಸ್ಕಾರ ಸರ್. ನಾನು ದಾವಣಗೆರೆ ಕಡೆಯವನು. ಎರಡು ವರ್ಷದಿಂದ ಟೋಕಿಯೋದ ನಿಶಿ ಕಸಾಯ್‌ನಲ್ಲಿದ್ದೇನೆ, ಐಟಿ ಕೆಲಸ. ಹೋದ ವಾರ ರಾತ್ರಿ ಸ್ಟೇಷನ್‌ನಿಂದ ಸೈಕಲ್‌ನಲ್ಲಿ ಬರುವಾಗ ಇಬ್ಬರು ಪೊಲೀಸರು ನಿಲ್ಲಿಸಿದರು. ಸೈಕಲ್ ಯಾರದು ಅಂದರು. ಊರಿಗೆ ವಾಪಸ್ ಹೋದ ಗೆಳೆಯ ಕೊಟ್ಟದ್ದು ಅಂದೆ. ರೆಸಿಡೆನ್ಸ್ ಕಾರ್ಡ್ ಕೇಳಿದರು. ಅದು ಮನೆಯಲ್ಲಿತ್ತು. ಮುಕ್ಕಾಲು ಗಂಟೆ ನಿಲ್ಲಿಸಿಕೊಂಡು, ಆಮೇಲೆ ಮನೆವರೆಗೂ ಬಂದು ಕಾರ್ಡ್ ನೋಡಿ ಹೋದರು. ಅಕ್ಕಪಕ್ಕದವರೆಲ್ಲ ನೋಡಿದರು, ಬಹಳ ನಾಚಿಕೆಯಾಯಿತು. ಇದು ದಾಖಲೆಯಾಗುತ್ತದಾ? ಮುಂದೆ ಪಿಆರ್‌ಗೆ, ಅಂದರೆ ಇಲ್ಲಿ ಕಾಯಂ ಆಗಿ ಇರುವ ಅನುಮತಿಗೆ, ತೊಂದರೆ ಆಗುತ್ತದಾ? ಮುಖ ನೋಡಿ ನಿಲ್ಲಿಸುವುದು ಸರಿಯಾ? ಹಿಂದೆ ಒಮ್ಮೆ ಕೋಬಾನ್ (ಬಡಾವಣೆಯ ಚಿಕ್ಕ ಪೊಲೀಸ್ ಚೌಕಿ) ಪೊಲೀಸ್ ಒಬ್ಬರು ಮನೆಗೇ ಬಂದು ಚೀಟಿಯಲ್ಲಿ ಎಲ್ಲರ ಹೆಸರು ಬರೆದುಕೊಡಿ ಅಂದಿದ್ದರು. ಬರೆದುಕೊಡಲೇಬೇಕಾ? ಇನ್ನೊಂದು ವಿಷಯ. ಬರುವ ತಿಂಗಳು ಕಂಪನಿ ಬದಲಾಯಿಸುತ್ತಿದ್ದೇನೆ. ಹೆಂಡತಿ ಬಸುರಿ. ಹೆರಿಗೆಗೆ ತವರಿಗೆ ಹೋಗುವುದೋ, ಅತ್ತೆ ಮಾವನನ್ನೇ ಇಲ್ಲಿಗೆ ಕರೆಸುವುದೋ ತೀರ್ಮಾನ ಆಗಿಲ್ಲ. ಅವರು ಬಂದರೆ ಅವರನ್ನೂ ಹೀಗೇ ನಿಲ್ಲಿಸುತ್ತಾರಾ?

ಉತ್ತರ: ಮೊದಲು ಪಿಆರ್ ಭಯ ಬಿಡಿಸಿಬಿಡುತ್ತೇನೆ. ಆ ಭಯದಲ್ಲೇ ಓದಿದರೆ ಉಳಿದದ್ದು ತಲೆಗೆ ಹತ್ತುವುದಿಲ್ಲ. ಪೊಲೀಸರು ಕೇಸು ಹಾಕಲಿಲ್ಲ, ದಂಡ ಹಾಕಲಿಲ್ಲ. ಮನೆಗೆ ಬಂದು ಕಾರ್ಡ್ ನೋಡಿ ಹೋದರು. ಅದು ಶಿಕ್ಷೆ ಅಲ್ಲ. ಅರ್ಜಿಯಲ್ಲಿ ಕೇಳುವುದು ಅಪರಾಧ ಮಾಡಿ ಶಿಕ್ಷೆ ಆಗಿದೆಯಾ ಅಂತ. ರಸ್ತೆಯಲ್ಲಿ ಯಾರಾದರೂ ನಿಲ್ಲಿಸಿದ್ದರಾ ಅಂತ ಅಲ್ಲ. ಟೋಕಿಯೋದಲ್ಲಿ ವೀಸಾ ಕಾಗದ ಪತ್ರದ ಕೆಲಸದಲ್ಲೇ ಇರುವ ನನ್ನ ಹತ್ತಿರ ಪಿಆರ್ ತಿರಸ್ಕಾರವಾಗಿ ಬಂದವರ ಕಾಗದಗಳನ್ನು ಬಿಚ್ಚಿ ನೋಡಿದರೆ, ರಸ್ತೆ ತಪಾಸಣೆಯಿಂದ ಕೆಟ್ಟದ್ದು ಕಾಣುವುದಿಲ್ಲ. ಕಾಣುವುದು ತಡವಾಗಿ ಕಟ್ಟಿದ ಪೆನ್ಷನ್ ಕಂತು. ಅದಕ್ಕೆ ಆಮೇಲೆ ಬರುತ್ತೇನೆ.

ಹಾಗಂತ ಅವತ್ತು ನಿಮ್ಮ ಕಡೆ ತಪ್ಪೇ ಇರಲಿಲ್ಲ ಅಂತಲೂ ಹೇಳುವ ಹಾಗಿಲ್ಲ. ರೆಸಿಡೆನ್ಸ್ ಕಾರ್ಡ್, ಜಪಾನಿನವರ ಬಾಯಲ್ಲಿ ಜೈರ್ಯೂ ಕಾರ್ಡ್, 2012ರ ಜುಲೈ 9ರಂದು ಹಳೆಯ ವಿದೇಶಿಯರ ನೋಂದಣಿ ಕಾರ್ಡಿನ ಜಾಗಕ್ಕೆ ಬಂತು. 16 ವರ್ಷ ತುಂಬಿದವರೆಲ್ಲ ಅದನ್ನು ಸದಾ ಜೊತೆಯಲ್ಲಿ ಇಟ್ಟುಕೊಳ್ಳಬೇಕು. ಸದಾ ಅಂದರೆ ಸದಾ. ಹಾಲು ತರಲು ಕೆಳಗಿಳಿದಾಗಲೂ, ಪಾರ್ಕಿನಲ್ಲಿ ವಾಕಿಂಗ್ ಹೋದಾಗಲೂ. ಜೊತೆಯಲ್ಲಿ ಇಲ್ಲದಿದ್ದರೆ 2 ಲಕ್ಷ ಯೆನ್‌ವರೆಗೆ ದಂಡ ಹಾಕಬಹುದು. ಕಾರ್ಡ್ ಇದ್ದೂ ತೋರಿಸುವುದಿಲ್ಲ ಅಂದರೆ ಇನ್ನೂ ಜೋರು: 1 ವರ್ಷದವರೆಗೆ ಜೈಲು ಅಥವಾ 2 ಲಕ್ಷ ಯೆನ್‌ವರೆಗೆ ದಂಡ. ಮೊದಲ ಸಲ ಮರೆತು ಬಂದವರನ್ನು ಸಾಮಾನ್ಯವಾಗಿ ನಿಮಗೆ ಮಾಡಿದ ಹಾಗೆ ಮನೆವರೆಗೆ ಬಂದು ನೋಡಿ ಬಿಡುತ್ತಾರೆ. ಕೆಲವೊಮ್ಮೆ ಇನ್ನು ಮುಂದೆ ಹೀಗೆ ಮಾಡುವುದಿಲ್ಲ ಅಂತ ಒಂದು ಪತ್ರ ಬರೆಸಿಕೊಳ್ಳುತ್ತಾರೆ. ಆದರೆ ಅದು ಅವರ ಔದಾರ್ಯ, ನಮ್ಮ ಹಕ್ಕಲ್ಲ. ಕಾರ್ಡ್ ಇಲ್ಲದ್ದಕ್ಕೇ ಬಂಧಿಸಿದ್ದೂ ಉಂಟು. ಫೋನಿನಲ್ಲಿರುವ ಕಾರ್ಡಿನ ಫೋಟೋ ನಡೆಯುವುದಿಲ್ಲ. ಜೆರಾಕ್ಸ್ ಕೂಡ ನಡೆಯುವುದಿಲ್ಲ.

ಈಗ ಎಲ್ಲರೂ ಎಡವುವ ಜಾಗ. ಇಲ್ಲಿ ಎರಡು ಕಾನೂನು ಒಟ್ಟಿಗೆ ಕೆಲಸ ಮಾಡುತ್ತವೆ. ಒಂದು 1948ರ ಪೊಲೀಸ್ ಕರ್ತವ್ಯ ಕಾಯ್ದೆ. ಅದರ ಎರಡನೇ ಕಲಮಿನ ಪ್ರಕಾರ, ನಡವಳಿಕೆ ವಿಚಿತ್ರವಾಗಿದ್ದು ಅಪರಾಧದ ಅನುಮಾನಕ್ಕೆ ಸಕಾರಣ ಇದ್ದರೆ ಪೊಲೀಸರು ನಿಲ್ಲಿಸಿ ಪ್ರಶ್ನೆ ಕೇಳಬಹುದು. ಇದಕ್ಕೆ ಶೋಕುಮು ಶಿತ್ಸುಮೊನ್ ಅನ್ನುತ್ತಾರೆ. ಉತ್ತರ ಕೊಡುವುದು ಬಿಡುವುದು ನಿಮ್ಮ ಇಷ್ಟ. ಕೋಬಾನ್‌ಗೆ ಬನ್ನಿ ಅಂದರೆ ಬಲವಂತವಾಗಿ ಎಳೆದುಕೊಂಡು ಹೋಗುವ ಹಾಗಿಲ್ಲ. ಇನ್ನೊಂದು ವಲಸೆ ಕಾಯ್ದೆ, ಅದರ 23ನೇ ಕಲಮು. ಪೊಲೀಸರು ಕರ್ತವ್ಯದ ಮೇಲೆ ಕಾರ್ಡ್ ಕೇಳಿದರೆ ವಿದೇಶಿಯರು ತೋರಿಸಲೇಬೇಕು ಅನ್ನುತ್ತದೆ ಅದು. ಯೂಟ್ಯೂಬ್‌ನಲ್ಲಿ "ಜಪಾನ್ ಪೊಲೀಸರಿಗೆ ಇಲ್ಲ ಅನ್ನಬಹುದು" ಅಂತ ಬರುವ ವೀಡಿಯೊಗಳು ಮೊದಲನೆಯದನ್ನು ಮಾತ್ರ ಹೇಳುತ್ತವೆ. ಜಪಾನಿ ಪ್ರಜೆ ಗುರುತಿನ ಚೀಟಿ ತೋರಿಸಲ್ಲ ಅನ್ನಬಹುದು. ನೀವಾಗಲಿ ನಾನಾಗಲಿ ಹಾಗೆ ಅನ್ನುವಂತಿಲ್ಲ. ಪ್ರಶ್ನೆಗೆ ಉತ್ತರಿಸದೆ ಇರಬಹುದು, ಕಾರ್ಡ್ ಮಾತ್ರ ತೋರಿಸಬೇಕು. ಇಷ್ಟು ನೆನಪಿದ್ದರೆ ಅರ್ಧ ಜಗಳ ಅಲ್ಲೇ ಮುಗಿಯಿತು.

ತೋರಿಸುವ ಮುಂಚೆ ಎರಡು ಮಾತು ಕೇಳಬಹುದು. ಒಂದು, "ನಾನಿಕಾ ಅರಿಮಾಶಿತಾ ಕಾ?", ಏನಾದರೂ ಆಗಿದೆಯಾ ಅಂತ. ಇನ್ನೊಂದು, ಅವರ ಗುರುತಿನ ಚೀಟಿ. ಕಾರ್ಡ್ ಕೇಳುವ ಅಧಿಕಾರಿ ನೀವು ಕೇಳಿದರೆ ತಮ್ಮದನ್ನು ತೋರಿಸಬೇಕು ಅಂತ ಅದೇ 23ನೇ ಕಲಮಿನಲ್ಲಿದೆ. ಮಫ್ತಿಯಲ್ಲಿದ್ದರೆ ಇದನ್ನು ಕೇಳದೆ ಕಾರ್ಡ್ ಕೈಗೆ ಕೊಡಬೇಡಿ. ದನಿ ಏರಿಸಬೇಡಿ. ಫೋನ್ ಮುಖಕ್ಕೆ ಹಿಡಿದು ವೀಡಿಯೊ ಮಾಡಲು ಹೋಗಬೇಡಿ, ಐದು ನಿಮಿಷದ್ದು ಐವತ್ತು ನಿಮಿಷವಾಗುತ್ತದೆ. ಮನೆಗೆ ಬಂದ ಮೇಲೆ ದಿನ, ಹೊತ್ತು, ಜಾಗ, ಹೇಳಿದ ಮಾತು ಎಲ್ಲ ಬರೆದಿಟ್ಟುಕೊಳ್ಳಿ. ಅದು ಮುಂದೆ ದೂರು ಕೊಡಲು ಬೇಕಾಗುತ್ತದೆ.

ಬ್ಯಾಗ್ ತೆರೆಯಿರಿ ಅಂದರೆ? ನಿಯಮದ ಪ್ರಕಾರ ನಿಮ್ಮ ಒಪ್ಪಿಗೆ ಬೇಕು. ಆದರೆ ಇದು ಕಲ್ಲಿನಲ್ಲಿ ಕೊರೆದ ನಿಯಮವಲ್ಲ. ಯೊನಾಗೊ ಊರಿನ ಬ್ಯಾಂಕ್ ದರೋಡೆ ಪ್ರಕರಣದಲ್ಲಿ, ಒಪ್ಪದಿದ್ದವರ ಬ್ಯಾಗಿನ ಜಿಪ್ಪನ್ನು ಪೊಲೀಸರು ತಾವೇ ಎಳೆದು ನೋಡಿದ್ದು ಸರಿ ಅಂತ 1978ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಪರಾಧ ಗಂಭೀರ, ಅನುಮಾನ ಬಲವಾಗಿದೆ, ತುರ್ತು ಇದೆ ಅನ್ನುವ ಕಾರಣಕ್ಕೆ. ಸಾಮಾನ್ಯ ಸಂಜೆಯ ತಪಾಸಣೆಗೆ ಅದು ಹೊಂದುವುದಿಲ್ಲ ನಿಜ. ಆದರೂ ನಿಮ್ಮ ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಊಟದ ಡಬ್ಬಿ, ಚಾರ್ಜರ್ ಬಿಟ್ಟು ಬೇರೇನೂ ಇಲ್ಲದಿದ್ದರೆ ತೆರೆದು ತೋರಿಸಿ ಹೋಗುವುದೇ ಜಾಣತನ ಅಂತ ನನ್ನ ಅಭಿಪ್ರಾಯ. ಒಂದು ಎಚ್ಚರ: ಬ್ಯಾಗಿನ ಮೂಲೆಯಲ್ಲಿ ಮಾವಿನಕಾಯಿ ಹೆಚ್ಚಲು ಇಟ್ಟ ಚಾಕು, ಗೆಳೆಯರು ಉಡುಗೊರೆ ಕೊಟ್ಟ ಮಡಚುವ ಚಾಕು ಇರಬಾರದು. ಸಕಾರಣ ಇಲ್ಲದೆ 6 ಸೆಂಟಿಮೀಟರ್‌ಗಿಂತ ಉದ್ದದ ಅಲಗು ಒಯ್ಯುವುದು ಅಪರಾಧ. ಅದಕ್ಕಿಂತ ಚಿಕ್ಕದನ್ನು ಬಚ್ಚಿಟ್ಟುಕೊಂಡರೂ ಸಣ್ಣ ಅಪರಾಧಗಳ ಕಾಯ್ದೆ ಇದೆ. "ಸುಮ್ನೆ ಇಟ್ಟಿದ್ದೆ" ಅನ್ನುವುದು ಇಲ್ಲಿ ಕಾರಣ ಅಲ್ಲ.

ಮುಖ ನೋಡಿ ನಿಲ್ಲಿಸುವುದು ಸರಿಯಾ ಅಂದಿರಿ. ಸರಿಯಲ್ಲ. ಕಾನೂನು ಹೇಳುವುದು ನಡವಳಿಕೆಯ ಬಗ್ಗೆ, ಮೈಬಣ್ಣದ ಬಗ್ಗೆ ಅಲ್ಲ. ಆದರೆ ನಡೆಯುತ್ತದೆ ಅನ್ನುವುದೂ ಅಷ್ಟೇ ಸತ್ಯ. 2021ರ ಡಿಸೆಂಬರ್‌ನಲ್ಲಿ ಅಮೆರಿಕದ ರಾಯಭಾರ ಕಚೇರಿಯೇ ತನ್ನ ನಾಗರಿಕರಿಗೆ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. 2022ರಲ್ಲಿ ಟೋಕಿಯೋ ವಕೀಲರ ಸಂಘ ವಿದೇಶಿ ಮೂಲದವರನ್ನು ವಿಚಾರಿಸಿದಾಗ ಉತ್ತರ ಕೊಟ್ಟವರಲ್ಲಿ ನೂರಕ್ಕೆ 60ಕ್ಕಿಂತ ಹೆಚ್ಚು ಜನ ಹಿಂದಿನ ಐದು ವರ್ಷದಲ್ಲಿ ಪೊಲೀಸರು ನಿಲ್ಲಿಸಿದ್ದರು ಎಂದರು. ಅನುಭವ ಆದವರೇ ಜಾಸ್ತಿ ಉತ್ತರಿಸಿರುತ್ತಾರೆ ಅನ್ನುವುದನ್ನು ಕಳೆದರೂ ಅದು ಸಣ್ಣ ಸಂಖ್ಯೆಯಲ್ಲ. 2024ರ ಜನವರಿಯಲ್ಲಿ ಮೂವರು ನಿವಾಸಿಗಳು ಟೋಕಿಯೋ ಜಿಲ್ಲಾ ನ್ಯಾಯಾಲಯದಲ್ಲಿ ಇದೇ ವಿಷಯಕ್ಕೆ ಸರ್ಕಾರದ ಮೇಲೆ ದಾವೆ ಹೂಡಿದರು. ನಿಮಗೆ ದೂರು ಕೊಡಬೇಕು ಅನಿಸಿದರೆ ಪ್ರತಿ ಪ್ರಿಫೆಕ್ಚರ್‌ನಲ್ಲೂ (ನಮ್ಮ ರಾಜ್ಯದ ಹಾಗೆ ಇಲ್ಲಿನ ಆಡಳಿತ ವಿಭಾಗ) ಸಾರ್ವಜನಿಕ ಸುರಕ್ಷತಾ ಆಯೋಗ ಇದೆ, ಅಲ್ಲಿಗೆ ಬರಹದಲ್ಲಿ ಕೊಡಬಹುದು. ಕೊಟ್ಟರೆ ವೀಸಾಕ್ಕೆ ಪೆಟ್ಟು ಬೀಳುತ್ತದೆ ಅನ್ನುವ ಗಾಳಿಸುದ್ದಿಯನ್ನು ನಂಬಬೇಡಿ.

ಆದರೆ ನಿಮ್ಮ ಪ್ರಕರಣದಲ್ಲಿ ಮುಖದ ಜೊತೆ ಸೈಕಲ್ಲೂ ಇತ್ತು. ನನ್ನ ಪ್ರಕಾರ ಅವತ್ತಿನ ಮುಕ್ಕಾಲು ಗಂಟೆಗೆ ದೊಡ್ಡ ಕಾರಣ ಆ ಸೈಕಲ್ಲೇ. ಜಪಾನ್‌ನಲ್ಲಿ ಪ್ರತಿ ಸೈಕಲ್ಲಿಗೂ ಕಳ್ಳತನ ತಡೆ ನೋಂದಣಿ ಕಡ್ಡಾಯ, ಬೋಹಾನ್ ತೊರೊಕು ಅನ್ನುತ್ತಾರೆ. ಸೀಟಿನ ಕೆಳಗಿನ ಕೊಳವೆಯಲ್ಲೋ ಫ್ರೇಮಿನ ಮೇಲೋ ನಂಬರಿರುವ ಒಂದು ಸ್ಟಿಕರ್ ಅಂಟಿರುತ್ತದೆ, ನೋಡಿ. ಪೊಲೀಸರು ಟಾರ್ಚ್ ಬಿಟ್ಟು ಆ ನಂಬರ್ ಓದುತ್ತಾರೆ. ವೈರ್‌ಲೆಸ್‌ನಲ್ಲಿ ಕೇಳುತ್ತಾರೆ. ಆ ಕಡೆಯಿಂದ ನಿಮ್ಮ ಗೆಳೆಯರ ಹೆಸರು ಬರುತ್ತದೆ. ನಿಮ್ಮ ಹೆಸರು ಬೇರೆ, ಕೈಯಲ್ಲಿ ಗುರುತಿನ ಕಾರ್ಡ್ ಇಲ್ಲ, ಗೆಳೆಯ ದೇಶದಲ್ಲೇ ಇಲ್ಲ. ಪೊಲೀಸರ ಜಾಗದಲ್ಲಿ ನಿಂತು ಯೋಚಿಸಿ, ನೀವಾದರೂ ಬಿಡುತ್ತಿದ್ದಿರಾ? ರಾತ್ರಿ ಲೈಟ್ ಹತ್ತಿಸದೆ ಬಂದರೆ ನಿಲ್ಲಿಸಲು ಅದೊಂದೇ ಸಾಕು.

ಊರಿಗೆ ಹೋಗುವವರು ಸೈಕಲ್, ಅಕ್ಕಿ ಕುಕ್ಕರ್, ಮಿಕ್ಸಿ ಎಲ್ಲ ಕೊಟ್ಟು ಹೋಗುವುದು ನಿಶಿ ಕಸಾಯ್‌ನಲ್ಲಿ 2000ನೇ ಇಸವಿಯ ಕಂಪ್ಯೂಟರ್ ಸಮಸ್ಯೆ ಬಿಡಿಸಲು ಬಂದ ನಮ್ಮವರ ಕಾಲದಿಂದ ನಡೆದು ಬಂದದ್ದು. ಕುಕ್ಕರಿಗೆ ಏನೂ ಬೇಕಿಲ್ಲ. ಸೈಕಲ್ಲಿಗೆ ಮಾತ್ರ ಕಾಗದ ಬೇಕು. ಗೆಳೆಯರಿಗೆ ಇವತ್ತೇ ಮೆಸೇಜ್ ಮಾಡಿ. ಅವರ ಸಹಿ ಇರುವ ಹಸ್ತಾಂತರ ಪತ್ರ, ಜೋತೊ ಶೋಮೆಯ್‌ಶೋ ಅಂದರೆ ಅಂಗಡಿಯವರಿಗೆ ಗೊತ್ತಾಗುತ್ತದೆ, ಅದನ್ನು ತರಿಸಿಕೊಳ್ಳಿ. ಅವರ ಹಳೆಯ ನೋಂದಣಿ ಚೀಟಿ ಸಿಕ್ಕರೆ ಒಳ್ಳೆಯದು. ಸೈಕಲ್, ಪತ್ರ, ನಿಮ್ಮ ಜೈರ್ಯೂ ಕಾರ್ಡ್ ತೆಗೆದುಕೊಂಡು ನೋಂದಣಿ ಮಾಡುವ ಸೈಕಲ್ ಅಂಗಡಿಗೆ ಹೋಗಿ. ಟೋಕಿಯೋದಲ್ಲಿ 660 ಯೆನ್, ಹೆಚ್ಚು ಹೊತ್ತೂ ಹಿಡಿಯುವುದಿಲ್ಲ. ಬೇರೆ ಪ್ರಿಫೆಕ್ಚರ್‌ನಲ್ಲಿ ನೋಂದಾಯಿಸಿದ ಸೈಕಲ್ ಆದರೆ ಅಲ್ಲಿನದನ್ನು ರದ್ದು ಮಾಡಿಸಿ ಇಲ್ಲಿ ಹೊಸದು ಮಾಡಿಸಬೇಕು. ಅಪಾರ್ಟ್‌ಮೆಂಟ್ ಹಿಂದೆ ವರ್ಷಗಟ್ಟಲೆ ತುಕ್ಕು ಹಿಡಿದು ನಿಂತ ಸೈಕಲ್ಲನ್ನು "ಯಾರದೂ ಅಲ್ಲ" ಅಂತ ತೆಗೆದುಕೊಂಡರೆ ಅದು ಕಳೆದುಹೋದ ವಸ್ತು ಕಬಳಿಸಿದ ಅಪರಾಧ. ಹಾಗೆ ಸಿಕ್ಕಿಬಿದ್ದು ವೀಸಾ ನವೀಕರಣದ ಹೊತ್ತಿಗೆ ಒದ್ದಾಡುವ ವಿದ್ಯಾರ್ಥಿಗಳು ಇದ್ದಾರೆ. ಅಂದ ಹಾಗೆ 2024ರ ನವೆಂಬರ್‌ನಿಂದ ಫೋನ್ ನೋಡುತ್ತಾ ಸೈಕಲ್ ಹೊಡೆದರೆ 6 ತಿಂಗಳವರೆಗೆ ಜೈಲು ಅಥವಾ 1 ಲಕ್ಷ ಯೆನ್‌ವರೆಗೆ ದಂಡ ಇದೆ. ಇಜಕಾಯಾದಲ್ಲಿ (ಇಲ್ಲಿನ ಬಾರು) ಎರಡು ಗ್ಲಾಸ್ ಬಿಯರ್ ಮುಗಿಸಿ ಸೈಕಲ್ ಹತ್ತುವುದಂತೂ ಬೇಡವೇ ಬೇಡ.

ಮನೆಗೆ ಬಂದ ಕೋಬಾನ್ ಪೊಲೀಸರ ಚೀಟಿ ಬೇರೆ ವಿಷಯ. ಅದು ಜುಂಕಾಯ್ ರೆನ್‌ರಾಕು, ತಮ್ಮ ವ್ಯಾಪ್ತಿಯ ಮನೆಗಳಿಗೆಲ್ಲ ಹೋಗಿ ಪರಿಚಯ ಮಾಡಿಕೊಳ್ಳುವುದು. ಭೂಕಂಪ, ಅಪಘಾತ ಆದರೆ ಯಾರಿಗೆ ಹೇಳಬೇಕು ಅಂತ ಆ ಚೀಟಿ. ಜಪಾನಿ ಮನೆಗಳಿಗೂ ಹೋಗುತ್ತಾರೆ. ಕಡ್ಡಾಯ ಅಲ್ಲ. ನಾನಾದರೆ ಬರೆದುಕೊಡುತ್ತೇನೆ, ಯಾಕೆಂದರೆ ಭೂಕಂಪದ ದೇಶ, ಮನೆಯಲ್ಲಿ ಬಸುರಿ ಹೆಂಗಸು ಇದ್ದಾರೆ ಅಂತ ಹತ್ತಿರದ ಕೋಬಾನ್‌ಗೆ ಗೊತ್ತಿದ್ದರೆ ಒಳ್ಳೆಯದೇ. ಯೂನಿಫಾರ್ಮ್ ಇಲ್ಲದೆ ಬಂದರೆ, ಹೆಸರು ಕೇಳಿಕೊಂಡು ಕೋಬಾನ್‌ಗೆ ನಾನೇ ಬರುತ್ತೇನೆ ಅಂದುಬಿಡಿ. ಫೋನಿನಲ್ಲಿ "ನಾನು ಪೊಲೀಸ್, ನಿಮ್ಮ ಹೆಸರಲ್ಲಿ ವಾರಂಟ್ ಇದೆ, ವೀಡಿಯೊ ಕಾಲ್‌ಗೆ ಬನ್ನಿ" ಅಂದರೆ ಅದು ಮೋಸ. ನಮ್ಮಲ್ಲಿ ಡಿಜಿಟಲ್ ಅರೆಸ್ಟ್ ಅಂತ ನಡೆಯುತ್ತದಲ್ಲ, ಅದೇ ಆಟ ಇಲ್ಲೂ ಜೋರಾಗಿದೆ. ಜಪಾನ್ ಪೊಲೀಸರು ಲೈನ್ ಆ್ಯಪ್‌ನಲ್ಲಿ ವಾರಂಟ್ ತೋರಿಸುವುದಿಲ್ಲ. ಅನುಮಾನ ಬಂದರೆ ಕಾಲ್ ಕಟ್ ಮಾಡಿ #9110ಕ್ಕೆ ಫೋನ್ ಮಾಡಿ ಕೇಳಿ. ಅದು ತುರ್ತಲ್ಲದ ವಿಷಯಕ್ಕೆ ಇರುವ ಪೊಲೀಸ್ ಸಲಹಾ ನಂಬರ್.

ಜೈರ್ಯೂ ಕಾರ್ಡನ್ನು ಇನ್ನೊಮ್ಮೆ ಕೈಗೆ ತೆಗೆದುಕೊಳ್ಳಿ. ನಾವು ಮುಂದಿನ ಬದಿ ಮಾತ್ರ ನೋಡುತ್ತೇವೆ: ಫೋಟೋ, ಹೆಸರು, ವಿಳಾಸ, ಯಾವ ವರ್ಗದ ವೀಸಾ, ಎಲ್ಲಿಯವರೆಗೆ, ಕೆಲಸ ಮಾಡಬಹುದೋ ಇಲ್ಲವೋ. ಅಪ್ಪನ ಹೆಸರನ್ನೇ ಸರ್‌ನೇಮ್ ಮಾಡಿಸಿಕೊಂಡ ನಮ್ಮವರನ್ನು ಇಲ್ಲಿ ಜೀವನಪೂರ್ತಿ ಅಪ್ಪನ ಹೆಸರಿಗೆ ಸಾನ್ ಸೇರಿಸಿ ಕೂಗುತ್ತಾರೆ, ಪೊಲೀಸರೂ ಅಷ್ಟೇ, ಗಾಬರಿಯಾಗಬೇಡಿ. ಅನುಭವ ಇರುವ ಪೊಲೀಸ್ ಕಾರ್ಡನ್ನು ತಿರುಗಿಸಿ ಹಿಂಬದಿ ನೋಡುತ್ತಾರೆ. ಮನೆ ಬದಲಾಯಿಸಿದ್ದರೆ ಹೊಸ ವಿಳಾಸವನ್ನು ವಾರ್ಡ್ ಆಫೀಸಿನವರು ಅಲ್ಲಿ ಬರೆದಿರುತ್ತಾರೆ. ನಿಮ್ಮ ಮನೆಯವರು ಡಿಪೆಂಡೆಂಟ್ ವೀಸಾದಲ್ಲಿದ್ದು ವಾರಕ್ಕೆ 28 ಗಂಟೆಯೊಳಗೆ ಪಾರ್ಟ್ ಟೈಮ್ ಮಾಡಲು ಅನುಮತಿ ಪಡೆದಿದ್ದರೆ ಅದೂ ಅಲ್ಲೇ. ವೀಸಾ ನವೀಕರಣಕ್ಕೆ ಶಿನಾಗಾವಾದ ವಲಸೆ ಕಚೇರಿಯಲ್ಲಿ ಅರ್ಜಿ ಕೊಟ್ಟು ಬಂದಿದ್ದರೆ "ಅರ್ಜಿ ಸಲ್ಲಿಕೆಯಾಗಿದೆ" ಅನ್ನುವ ಮುದ್ರೆಯೂ ಅಲ್ಲೇ.

ಆ ಮುದ್ರೆಯ ಬೆಲೆ ದೊಡ್ಡದು. ಕಾರ್ಡಿನ ತಾರೀಖು ಮುಗಿಯುವ ಮುಂಚೆ ಅರ್ಜಿ ಹಾಕಿದ್ದರೆ, ತೀರ್ಮಾನ ಬರುವವರೆಗೆ ಅಥವಾ ತಾರೀಖು ಮುಗಿದು 2 ತಿಂಗಳವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ನೀವು ಸಕ್ರಮವಾಗಿಯೇ ಇರುತ್ತೀರಿ. ಆದರೆ ಆನ್‌ಲೈನ್ ಅರ್ಜಿಗೆ ಮುದ್ರೆ ಬೀಳುವುದಿಲ್ಲ. ತಾರೀಖು ಮುಗಿದ ಕಾರ್ಡ್ ನೋಡಿ ಪೊಲೀಸರು ಹುಬ್ಬೇರಿಸಿದಾಗ ಅರ್ಜಿ ಸ್ವೀಕರಿಸಿದ ಇಮೇಲ್ ಅಷ್ಟೇ ನಿಮ್ಮನ್ನು ಕಾಯುವುದು. ಪ್ರಿಂಟ್ ಹಾಕಿ ಕಾರ್ಡಿನ ಹಿಂದೆ ಮಡಚಿಡಿ. ಅರ್ಜಿಯನ್ನು 3 ತಿಂಗಳ ಮುಂಚಿನಿಂದಲೇ ಹಾಕಬಹುದು. ಶುಲ್ಕ 2025ರ ಏಪ್ರಿಲ್‌ನಲ್ಲಿ 4,000ದಿಂದ 6,000 ಯೆನ್ ಆಯಿತು, ಇನ್ನೂ ಏರಿಸುವ ಮಾತು ನಡೆದಿದೆ.

ಈಗ ನಿಜವಾಗಿ ಚಿಂತೆ ಮಾಡಬೇಕಾದ ವಿಷಯಕ್ಕೆ ಬರೋಣ. ಬರುವ ತಿಂಗಳು ಕಂಪನಿ ಬದಲಾವಣೆ ಅಂದಿರಿ. ಇಲ್ಲಿ 14 ದಿನ ಅನ್ನುವ ಅಂಕಿ ಮಂತ್ರದ ಹಾಗೆ ನೆನಪಿರಬೇಕು. ಹಳೆ ಕಂಪನಿ ಬಿಟ್ಟ 14 ದಿನದೊಳಗೆ ವಲಸೆ ಇಲಾಖೆಗೆ ತಿಳಿಸಬೇಕು. ಹೊಸದಕ್ಕೆ ಸೇರಿದ 14 ದಿನದೊಳಗೆ ಮತ್ತೆ ತಿಳಿಸಬೇಕು. ಎರಡೂ ಆನ್‌ಲೈನ್‌ನಲ್ಲಿ ಆಗುತ್ತದೆ, ದುಡ್ಡಿಲ್ಲ. "ಎಚ್‌ಆರ್ ಮಾಡಿರ್ತಾರೆ" ಅಂತ ಬಿಟ್ಟವರೇ ಜಾಸ್ತಿ. ಇದು ಎಚ್‌ಆರ್ ಕೆಲಸ ಅಲ್ಲ, ನಿಮ್ಮದು. ಮನೆ ಬದಲಾದರೆ ಹೊಸ ಮನೆಗೆ ಹೋದ 14 ದಿನದೊಳಗೆ ವಾರ್ಡ್ ಆಫೀಸಿಗೆ ಹೋಗಬೇಕು. ಕಾರ್ಡ್ ಕಳೆದರೆ ಮೊದಲು ಕೋಬಾನ್‌ನಲ್ಲಿ ಕಳೆದ ದೂರು, ಆಮೇಲೆ 14 ದಿನದೊಳಗೆ ಹೊಸ ಕಾರ್ಡಿಗೆ ಅರ್ಜಿ. ವಿಳಾಸ 90 ದಿನ ತಿಳಿಸದಿದ್ದರೆ, ಕೆಲಸದ ವೀಸಾದಲ್ಲಿ 3 ತಿಂಗಳು ಸಕಾರಣ ಇಲ್ಲದೆ ಕೆಲಸವಿಲ್ಲದೆ ಕೂತರೆ, ವೀಸಾವನ್ನೇ ರದ್ದು ಮಾಡುವ ಅಧಿಕಾರ ಅವರಿಗಿದೆ. ನಮ್ಮ ಬೆಂಗಳೂರಿನಲ್ಲೂ 180 ದಿನ ಮೀರಿದ ವೀಸಾದವರು 14 ದಿನದೊಳಗೆ ಎಫ್‌ಆರ್‌ಆರ್‌ಒ (ವಿದೇಶಿಯರ ನೋಂದಣಿ ಕಚೇರಿ) ನೋಂದಣಿ ಮಾಡಿಸಬೇಕು. ಹಾಗಾಗಿ ಇದೇನೋ ಜಪಾನಿನವರ ಹಟ ಅಂತ ಬೈಯುವ ಹಾಗೂ ಇಲ್ಲ.

ಎರಡು ಕೆಲಸದ ನಡುವೆ ಒಂದು ತಿಂಗಳು ಬಿಡುವು ಮಾಡಿಕೊಂಡು ಊರಿಗೆ ಹೋಗಿ ಬರೋಣ ಅಂತ ಅನಿಸಬಹುದು. ಪಿಆರ್ ಕನಸು ಕೆಡುವುದು ಇಲ್ಲೇ. ಕಂಪನಿಯ ಪೆನ್ಷನ್, ಆರೋಗ್ಯ ವಿಮೆ ಕೆಲಸ ಬಿಟ್ಟ ಮರುದಿನದಿಂದ ಇಲ್ಲ. 14 ದಿನದೊಳಗೆ ವಾರ್ಡ್ ಆಫೀಸಿನಲ್ಲಿ ರಾಷ್ಟ್ರೀಯ ಪೆನ್ಷನ್ನಿಗೂ ರಾಷ್ಟ್ರೀಯ ಆರೋಗ್ಯ ವಿಮೆಗೂ ಹೆಸರು ಬದಲಾಯಿಸಿಕೊಳ್ಳಬೇಕು. ನಿಮ್ಮ ಮೇಲೆ ಅವಲಂಬಿತರಾಗಿರುವ ಮನೆಯವರ ಹೆಸರನ್ನೂ. ತಿಂಗಳ ಕಂತಿನ ಚೀಟಿ ಅಂಚೆಯಲ್ಲಿ ಬರುತ್ತದೆ, ನೀವು ಊರಲ್ಲಿರುತ್ತೀರಿ, ಕಟ್ಟುವ ಗಡುವು ಮೀರುತ್ತದೆ. ವಾಪಸ್ ಬಂದು ಕಟ್ಟಿಯೂ ಬಿಡುತ್ತೀರಿ. ಆದರೆ ಪಿಆರ್ ಅರ್ಜಿಯಲ್ಲಿ ಹಿಂದಿನ 2 ವರ್ಷದ ಪೆನ್ಷನ್, ವಿಮೆ ಕಟ್ಟಿದ್ದೀರಾ ಅನ್ನುವುದರ ಜೊತೆ ಗಡುವಿನೊಳಗೆ ಕಟ್ಟಿದ್ದೀರಾ ಅಂತಲೂ ನೋಡುತ್ತಾರೆ. ಒಂದೇ ಒಂದು ತಿಂಗಳು ತಡ ಆಗಿ ಎರಡು ವರ್ಷ ಕಾದವರು ನನಗೆ ಗೊತ್ತು. ನಿಮಗೆ ಸಾಮಾನ್ಯ ದಾರಿಯಾದರೆ 10 ವರ್ಷ ಇರಬೇಕು. ಪಾಯಿಂಟ್ ಲೆಕ್ಕದಲ್ಲಿ 70 ಮುಟ್ಟಿದರೆ 3 ವರ್ಷ, 80 ಮುಟ್ಟಿದರೆ 1 ವರ್ಷ. ಸಂಬಳ, ಡಿಗ್ರಿ, ವಯಸ್ಸು, ಜಪಾನಿ ಭಾಷೆಯ ಪರೀಕ್ಷೆ ಎಲ್ಲಕ್ಕೂ ಪಾಯಿಂಟ್ ಇದೆ, ಒಮ್ಮೆ ಲೆಕ್ಕ ಹಾಕಿ ನೋಡಿ. ಪಿಆರ್ ಸಿಕ್ಕ ಮೇಲೆ ಆರಾಮ ಅನ್ನುವ ಕಾಲವೂ ಹೋಯಿತು. ತೆರಿಗೆ, ವಿಮೆಯನ್ನು ಬೇಕೆಂದೇ ಕಟ್ಟದವರ ಪಿಆರ್ ಕಿತ್ತುಕೊಳ್ಳಲು 2024ರ ಜೂನ್‌ನಲ್ಲಿ ಕಾನೂನು ಮಾಡಿದ್ದಾರೆ.

ಕೇಳದೆ ಇದ್ದರೂ ಇನ್ನೊಂದು ಮಾತು ಹೇಳಿಬಿಡುತ್ತೇನೆ. ಬಂಧನದ ಮಟ್ಟಕ್ಕೆ ಹೋದರೆ, ಆರೋಪ ಹೊರಿಸುವ ಮುಂಚೆಯೇ ಒಂದು ಪ್ರಕರಣಕ್ಕೆ 23 ದಿನದವರೆಗೆ ಇಟ್ಟುಕೊಳ್ಳಬಹುದು. ಮೊದಲು "ತೋಬಾನ್ ಬೆಂಗೋಶಿ" ಬೇಕು ಅನ್ನಿ. ವಕೀಲರ ಸಂಘ ಕಳಿಸುವ ವಕೀಲರು, ಮೊದಲ ಭೇಟಿ ಉಚಿತ. ಭಾಷಾಂತರಕಾರ ಬೇಕು ಅನ್ನಿ. ರಾಯಭಾರ ಕಚೇರಿಗೆ ತಿಳಿಸಿ ಅನ್ನಿ. ಅದು 1963ರ ವಿಯೆನ್ನಾ ಒಪ್ಪಂದದ 36ನೇ ಕಲಮು ಕೊಟ್ಟ ಹಕ್ಕು. ಟೋಕಿಯೋದಲ್ಲಿ ಕುಡಾನ್‌ಶಿತಾ ಹತ್ತಿರ ನಮ್ಮ ರಾಯಭಾರ ಕಚೇರಿ, ಒಸಾಕಾದಲ್ಲಿ ಕಾನ್ಸುಲೇಟ್. ಅರ್ಥವಾಗದ ಜಪಾನಿ ಹೇಳಿಕೆಗೆ ಸಹಿ ಮಾತ್ರ ಹಾಕಬೇಡಿ, ಯಾರೇ ಎಷ್ಟೇ ನಯವಾಗಿ ಕೇಳಿದರೂ. ಮಾದಕ ವಸ್ತುವಿನ ಪ್ರಕರಣವಾದರೆ ಶಿಕ್ಷೆ ಅಮಾನತಿನಲ್ಲಿಟ್ಟರೂ ಗಡೀಪಾರು ಆಗುತ್ತದೆ. ಅಲ್ಲಿ ಯಾವ ವಾದವೂ ನಡೆಯುವುದಿಲ್ಲ.

ಇನ್ನು ನಿಮ್ಮ ಮನೆಯವರ ವಿಷಯ. ತವರಿಗೆ ಹೋಗುವುದಾದರೆ ವಿಮಾನ ನಿಲ್ದಾಣದಲ್ಲಿ ತುಂಬುವ ಚೀಟಿಯಲ್ಲಿ "ಮತ್ತೆ ಬರುತ್ತೇನೆ" ಅನ್ನುವ ಚೌಕಕ್ಕೆ ಗುರುತು ಹಾಕಲೇಬೇಕು. ಮರೆತರೆ ವೀಸಾ ಅಲ್ಲೇ ಮುಗಿಯುತ್ತದೆ. ಗುರುತು ಹಾಕಿದರೆ 1 ವರ್ಷದೊಳಗೆ ವಾಪಸ್ ಬರಬಹುದು. ಕಾರ್ಡಿನ ತಾರೀಖು ಅದಕ್ಕಿಂತ ಮುಂಚೆ ಮುಗಿದರೆ ಆ ತಾರೀಖೇ ಗಡುವು. ಹೊರಗಿನಿಂದ ಒಂದು ದಿನವೂ ಮುಂದಕ್ಕೆ ಹಾಕಿಸಲು ಆಗುವುದಿಲ್ಲ. ಏಳನೇ ತಿಂಗಳಿಗೆ ಸೀಮಂತ, ಆಮೇಲೆ ಹೆರಿಗೆ, ಐದು ತಿಂಗಳು ಬಾಣಂತನ, ನಾಮಕರಣ, ಅಜ್ಜಿಯ ಮನೆಯಲ್ಲಿ ಇನ್ನೆರಡು ವಾರ ಅಂತ ಹೋದರೆ ವರ್ಷ ಹೇಗೆ ಕಳೆಯಿತು ಗೊತ್ತೇ ಆಗುವುದಿಲ್ಲ. ಅನುಮಾನ ಇದ್ದರೆ ಹೊರಡುವ ಮುಂಚೆಯೇ ಶಿನಾಗಾವಾದಲ್ಲಿ ದೀರ್ಘಾವಧಿಯ ಮರುಪ್ರವೇಶ ಅನುಮತಿ ಮಾಡಿಸಿ. ಆದರೂ ಅದು ಕಾರ್ಡಿನ ತಾರೀಖನ್ನು ದಾಟುವುದಿಲ್ಲ. ಮಗು ಊರಿನಲ್ಲಿ ಹುಟ್ಟಿದರೆ ಅದಕ್ಕೆ ಪಾಸ್‌ಪೋರ್ಟ್, ಇಲ್ಲಿ ವಾಸಕ್ಕೆ ಅರ್ಹ ಅಂತ ಇಲ್ಲಿನ ವಲಸೆ ಇಲಾಖೆಯ ಅರ್ಹತಾ ಪ್ರಮಾಣಪತ್ರ, ಆಮೇಲೆ ವೀಸಾ ಆಗಬೇಕು. ಪ್ರಮಾಣಪತ್ರಕ್ಕೇ 1ರಿಂದ 3 ತಿಂಗಳು ಹಿಡಿಯುತ್ತದೆ. ಜನನ ಪ್ರಮಾಣಪತ್ರದಲ್ಲಿ ಹೆಸರು ಬರೆಸುವುದನ್ನು ನಾಮಕರಣದವರೆಗೆ ತಳ್ಳಬೇಡಿ. ಹೆಸರಿಲ್ಲದೆ ಯಾವುದೂ ಮುಂದೆ ಹೋಗುವುದಿಲ್ಲ.

ಇಲ್ಲೇ ಹೆರಿಗೆಯಾದರೆ ಗಡಿಯಾರ ಬೇರೆ. 14 ದಿನದೊಳಗೆ ವಾರ್ಡ್ ಆಫೀಸಿನಲ್ಲಿ ಜನನ ನೋಂದಣಿ. ಮಗು ವೀಸಾ ಇಲ್ಲದೆ 60 ದಿನ ಇರಬಹುದು, ಆದರೆ ವೀಸಾ ಅರ್ಜಿಯನ್ನು 30 ದಿನದೊಳಗೆ ಹಾಕಬೇಕು. ಪಾಸ್‌ಪೋರ್ಟ್ ಕೈಗೆ ಬಂದಿಲ್ಲ ಅಂತ ಕಾಯಬೇಡಿ, ಇಲ್ಲದಿರುವ ಕಾರಣ ಬರೆದು ಅರ್ಜಿ ಹಾಕಿ. ಬಾಣಂತಿ ಮನೆಯಲ್ಲಿ 30 ದಿನ ಅನ್ನುವುದು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಹೋಗುತ್ತದೆ. ಆ ಕಾಗದಗಳನ್ನು ನೀವೇ ಹಿಡಿದುಕೊಳ್ಳಿ, ಹೆಂಡತಿಯ ತಲೆಗೆ ಹಾಕಬೇಡಿ.

ಅತ್ತೆ ಮಾವ ಬಂದರೆ ಅವರನ್ನು ನಿಲ್ಲಿಸುತ್ತಾರಾ ಅಂದಿರಿ. ವಯಸ್ಸಾದವರನ್ನು ನಿಲ್ಲಿಸುವುದು ಕಡಿಮೆ. ಆದರೆ ನಿಯಮ ಅವರಿಗೂ ಇದೆ. 90 ದಿನದ ಸಂದರ್ಶಕ ವೀಸಾದಲ್ಲಿ ಬರುವ ಅವರಿಗೆ ಜೈರ್ಯೂ ಕಾರ್ಡ್ ಇರುವುದಿಲ್ಲ, ಹಾಗಾಗಿ ಪಾಸ್‌ಪೋರ್ಟೇ ಜೊತೆಯಲ್ಲಿರಬೇಕು. ಇಲ್ಲದಿದ್ದರೆ 1 ಲಕ್ಷ ಯೆನ್‌ವರೆಗೆ ದಂಡ. ನಮ್ಮ ಹಿರಿಯರು ಪಾಸ್‌ಪೋರ್ಟ್ ಕಳೆದೀತು ಅಂತ ಸೂಟ್‌ಕೇಸಿನಲ್ಲಿ ಸೀರೆ ಮಡಿಕೆಯ ನಡುವೆ ಬೀಗ ಹಾಕಿಡುತ್ತಾರೆ. ಕೊರಳಿಗೆ ಹಾಕಿಕೊಳ್ಳುವ ಒಂದು ಚೀಲ ಕೊಡಿಸಿ. ಅದರಲ್ಲೇ ನಿಮ್ಮ ಫೋನ್ ನಂಬರ್, ಮನೆ ವಿಳಾಸ ಜಪಾನಿಯಲ್ಲಿ ಬರೆದ ಚೀಟಿ ಇಡಿ. ಮಾವ ಬೆಳಿಗ್ಗೆ ವಾಕಿಂಗ್ ಹೋಗಿ ದಾರಿ ತಪ್ಪಿದರೆ ಅದೇ ಕೋಬಾನ್ ಪೊಲೀಸರು ಮನೆಗೆ ತಂದು ಬಿಡುತ್ತಾರೆ. ಅವರಿಗೆ ಇಲ್ಲಿನ ಆರೋಗ್ಯ ವಿಮೆ ಸಿಗುವುದಿಲ್ಲ, ಬರುವ ಮುಂಚೆಯೇ ಪ್ರಯಾಣ ವಿಮೆ ಮಾಡಿಸಿ. ಬಾಣಂತನಕ್ಕೆ ಇನ್ನೂ ಎರಡು ತಿಂಗಳು ಬೇಕು ಅಂತ ಕೇಳಿದರೆ ಸಾಮಾನ್ಯವಾಗಿ ಕೊಡುವುದಿಲ್ಲ. ಇಬ್ಬರೂ ಒಟ್ಟಿಗೆ ಬರುವ ಬದಲು, ಅತ್ತೆ ಹೆರಿಗೆಗೆ ಹತ್ತು ದಿನ ಮುಂಚೆ ಬಂದು, ಅವರು ಹೊರಡುವ ಹೊತ್ತಿಗೆ ನಿಮ್ಮ ತಾಯಿ ಬರುವ ಹಾಗೆ ಮಾಡಿಕೊಂಡವರು ಬಹಳ ಜನ ಇದ್ದಾರೆ.

90 ದಿನ ಅಂದರೆ ಮೂರು ತಿಂಗಳು ಅಂತ ಲೆಕ್ಕ ಹಾಕಬೇಡಿ, ಎಡವಟ್ಟಾಗುತ್ತದೆ. ಅವರು ಇಳಿದಾಗ ಪಾಸ್‌ಪೋರ್ಟಿಗೆ ಒಂದು ಸ್ಟಿಕರ್ ಅಂಟಿಸುತ್ತಾರೆ, ಎಲ್ಲಿಯವರೆಗೆ ಇರಬಹುದು ಅನ್ನುವ ತಾರೀಖು ಅದರಲ್ಲೇ ಅಚ್ಚಾಗಿರುತ್ತದೆ. ನರಿತಾ ಅಥವಾ ಹನೇಡಾದಲ್ಲಿ ಅವರನ್ನು ಕರೆದುಕೊಂಡ ತಕ್ಷಣ ಅದನ್ನು ನೋಡಿ, ಫೋಟೋ ತೆಗೆದಿಟ್ಟುಕೊಳ್ಳಿ. ವಾಪಸ್ ಟಿಕೆಟ್ ಆ ತಾರೀಖಿಗಿಂತ ನಾಲ್ಕೈದು ದಿನ ಮುಂಚೆಯೇ ಇರಲಿ. ಬಿರುಗಾಳಿಗೆ ವಿಮಾನ ರದ್ದಾಗುವ ಆಗಸ್ಟ್, ಸೆಪ್ಟೆಂಬರ್ ತಿಂಗಳಾದರೆ ಒಂದು ವಾರ ಮುಂಚೆ ಇಟ್ಟುಕೊಳ್ಳಿ.